ಓದುಗರ ಪ್ರಶ್ನೆಗೆ ಉತ್ತರ: ಕೆರೆ ನಡುವಿನ ಹಕ್ಕಿ ನೋಡೋಕೆ ಯಾವ ಸ್ಕೋಪ್ ತಗೊಳ್ಳೋದು?

ಪ್ರಶ್ನೆ: ಸರ್, ನಾನು ಲಕ್ಷ್ಮೇಶ್ವರದ ಕಡೆ ಹೈಸ್ಕೂಲ್ ಮಾಸ್ತರ್ ಅದೇನಿ. ಚಳಿಗಾಲ ಬಂತಂದ್ರ ಹುಡುಗ್ರನ್ನ ಕರ್ಕೊಂಡು ಮಾಗಡಿ ಕೆರಿಗೆ ಹೋಗ್ತೇನಿ. ಕೈಯಾಗ 8×42 ಬೈನಾಕ್ಯುಲರ್ ಐತಿ, ಆದ್ರ ಬಾತು ಎಲ್ಲಾ ನಡುವ ನೀರಾಗ ಕುಂದರ್ತಾವ, ತಲಿ ಮ್ಯಾಲಿನ ಪಟ್ಟಿ ಸುದ್ದಾ ಸರಿಯಾಗಿ ಕಾಣಂಗಿಲ್ಲ. ಬೈಕ್ ಮ್ಯಾಲ ಒಯ್ಯುವಂಥ ಸಣ್ಣ ಸ್ಪಾಟಿಂಗ್ ಸ್ಕೋಪ್ ತಗೋಬೇಕಂತ ಮಾಡೇನಿ. ಆನ್‌ಲೈನ್‌ನ್ಯಾಗ 25-75×70 ಒಂದು, 15-45×60 ಒಂದು, ಎರಡೂ ಹೆಚ್ಚುಕಮ್ಮಿ ಒಂದ ರೇಟಿಗೆ ಅದಾವ. 75 ಇದ್ದದ್ದು ತಗೊಂಡ್ರ ಚಲೋ ಅಲ್ಲೇನ್ರಿ?

ಉತ್ತರ: ಮಾಸ್ತರೇ, 75ರ ಆಸೆ ಬಿಟ್ಬಿಡಿ. ಸ್ಕೋಪ್ (ಒಂದೇ ಕಣ್ಣಲ್ಲಿ ನೋಡೋ ದುರ್ಬೀನು) ಮೇಲೆ ಬರೆದಿರೋ ಮೊದಲ ನಂಬರು ಎಷ್ಟು ಪಟ್ಟು ದೊಡ್ಡದಾಗಿ ತೋರ್ಸುತ್ತೆ ಅನ್ನೋದು, ಗುಣಾಕಾರದ ಗುರುತಾದ ಮೇಲೆ ಬರೋದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್‌ನಲ್ಲಿ. ಅಗಲವನ್ನ ಪಟ್ಟಿನಿಂದ ಭಾಗಿಸಿ ನೋಡಿ, ಕಣ್ಣೊಳಗೆ ಬರೋ ಬೆಳಕಿನ ಕಿರಣ ಎಷ್ಟು ದಪ್ಪ ಅಂತ ಗೊತ್ತಾಗುತ್ತೆ. ನಿಮ್ಮ 8×42ರಲ್ಲಿ ಅದು 5 ಮಿ.ಮೀ.ಗಿಂತ ಜಾಸ್ತಿ, ಅದಕ್ಕೇ ನಸುಕಲ್ಲೂ ಚೆನ್ನಾಗಿ ಕಾಣೋದು. 70 ಮಿ.ಮೀ. ಲೆನ್ಸಲ್ಲಿ 75 ಪಟ್ಟಿಗೆ ಹೋದ್ರೆ 1 ಮಿ.ಮೀ. ಕೂಡ ಇರಲ್ಲ, ಹಕ್ಕಿ ದೊಡ್ಡದಾಗುತ್ತೆ ನಿಜ, ಜೊತೆಗೇ ಮಬ್ಬಾಗುತ್ತೆ, ಸ್ವಲ್ಪ ಗಾಳಿ ಬೀಸಿದ್ರೂ ಚಿತ್ರ ಕುಣಿಯೋಕೆ ಶುರು ಮಾಡುತ್ತೆ, ನೀವು ತಿರುಗಾ 25ಕ್ಕೇ ಇಳಿಸ್ತೀರಿ.

ಇದಕ್ಕಿಂತ ದೊಡ್ಡ ಕಾರಣ ಬಿಸಿಲ ಝಳ. ನಿಮ್ಮ ಬಯಲುಸೀಮೆಯಲ್ಲಿ ಚಳಿಗಾಲದಲ್ಲೂ ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ನೆಲ ಕಾದು ನೀರಿನ ಮೇಲಿನ ಗಾಳಿ ನಡುಗೋಕೆ ಶುರುವಾಗುತ್ತಲ್ಲ, ಆ ನಡುಕವನ್ನೂ ಸ್ಕೋಪ್ ಅಷ್ಟೇ ಪಟ್ಟು ದೊಡ್ಡದು ಮಾಡಿ ತೋರಿಸುತ್ತೆ, ಲಕ್ಷಗಟ್ಟಲೆ ಕೊಟ್ಟು ತಗೊಂಡ ಸ್ಕೋಪಾದ್ರೂ ಅಷ್ಟೇ, ಅದಕ್ಕೆ ಯಾವ ಗ್ಲಾಸಲ್ಲೂ ಮದ್ದಿಲ್ಲ. ಆ ಹೊತ್ತಲ್ಲಿ 20-25 ಪಟ್ಟು ದಾಟಿದ್ರೆ ಪ್ರಯೋಜನ ಕಮ್ಮಿ. ಬಳಸೋಕೇ ಆಗದ ನಂಬರಿಗೆ ದುಡ್ಡು ಯಾಕೆ ಕೊಡ್ತೀರಾ? ಅದೇ ದುಡ್ಡು ಗ್ಲಾಸಿಗೂ ಸ್ಟ್ಯಾಂಡಿಗೂ ಹಾಕಿ. ನಿಮ್ಮ ಎರಡರಲ್ಲಿ ನನ್ನ ಓಟು 15-45×60ಕ್ಕೆ, ಅದರಲ್ಲೂ ಇಡಿ ಗ್ಲಾಸ್ ಇರೋದು ಸಿಕ್ಕಿದ್ರೆ ಇನ್ನೂ ಒಳ್ಳೇದು.

ಇಡಿ ಗ್ಲಾಸ್ ಅಂದ್ರೆ ಏನು ಅಂತ ಕೇಳ್ತೀರಿ ಅಂತ ಗೊತ್ತು. ಮಾಮೂಲಿ ಲೆನ್ಸಲ್ಲಿ ಕೆಂಪು, ನೀಲಿ ಬೆಳಕು ಒಂದೇ ಜಾಗದಲ್ಲಿ ಸೇರಲ್ಲ, ಹಾಗಾಗಿ ಬೆಳ್ಳಕ್ಕಿಯ ಬಿಳಿ ರೆಕ್ಕೆ ಅಂಚಿಗೆ ನೇರಳೆ ಇಲ್ಲಾ ಹಸಿರು ಗೆರೆ ಅಂಟಿಕೊಂಡ ಹಾಗೆ ಕಾಣುತ್ತೆ. ಇಡಿ ಗ್ಲಾಸು ಅದನ್ನ ತುಂಬಾ ಕಮ್ಮಿ ಮಾಡುತ್ತೆ. ಅಂಗಡಿಯಲ್ಲಿ ಟೆಸ್ಟ್ ಮಾಡೋದು ಸುಲಭ: ಹೊರಗೆ ಬಂದು ಆಕಾಶಕ್ಕೆ ಎದುರಾಗಿರೋ ಕರೆಂಟ್ ಕಂಬದ ಪಿಂಗಾಣಿಯನ್ನೋ ತಂತಿ ಮೇಲೆ ಕೂತಿರೋ ಕಾಗೆಯನ್ನೋ ನೋಡಿ, ಅಂಚಲ್ಲಿ ಬಣ್ಣ ಎಷ್ಟಿದೆ ಅಂತ ಗಮನಿಸಿ. ಆಮೇಲೆ ಫೋಕಸ್ ಚಕ್ರ ನಿಧಾನಕ್ಕೆ ತಿರುಗಿಸಿ. ಒಳ್ಳೆ ಸ್ಕೋಪಲ್ಲಿ ಒಂದು ಜಾಗಕ್ಕೆ ಬಂದ ತಕ್ಷಣ ಚಿತ್ರ ಪಟ್ ಅಂತ ನಿಲ್ಲುತ್ತೆ, ಚೂರು ಆಚೆ ಈಚೆ ಆದ್ರೆ ಬಿಡುತ್ತೆ. ಎಲ್ಲಿ ನಿಲ್ಲಿಸೋದು ಅಂತ ಗೊತ್ತಾಗದೆ ತಿರುಗಿಸ್ತಾನೇ ಇರಬೇಕು ಅಂದ್ರೆ ಅದನ್ನ ವಾಪಸ್ ಕೊಟ್ಟು ಬನ್ನಿ. ಜೂಮ್‌ನ ಕೊನೇ ತುದೀಲಿ ಯಾವ ಸ್ಕೋಪೂ ಸ್ವಲ್ಪ ಮೆತ್ತಗಾಗುತ್ತೆ, ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ.

60ಕ್ಕಿಂತ ಸಣ್ಣದು ಬೇಕು ಅಂದ್ರೆ 50ರಿಂದ 56 ಮಿ.ಮೀ.ವರೆಗೆ ನಿಜವಾಗ್ಲೂ ಚೀಲದಲ್ಲಿ ಹಾಕ್ಕೊಂಡು ಹೋಗುವಂಥವು ಇವೆ. ಸೆಲೆಸ್ಟ್ರಾನ್ ಹಮ್ಮಿಂಗ್‌ಬರ್ಡ್ 9-27×56ರಲ್ಲಿ ಇಡಿ ಗ್ಲಾಸ್ ಇದೆ, ಕೋವಾದ 501 ಮಾಡೆಲ್ 20-40×50, ತೂಕ ಸುಮಾರು 400 ಗ್ರಾಂ ಅಷ್ಟೇ. ಲೆಕ್ಕ ಮಾತ್ರ ನೆನಪಿರ್ಲಿ, 80 ಮಿ.ಮೀ. ಲೆನ್ಸು 50 ಮಿ.ಮೀ. ಲೆನ್ಸಿಗಿಂತ ಎರಡೂವರೆ ಪಟ್ಟು ಬೆಳಕು ಹಿಡಿಯುತ್ತೆ. ಸೂರ್ಯ ಹುಟ್ಟೋ ಮುಂಚೆ, ಮುಳುಗಿದ ಮೇಲೆ ಆ ವ್ಯತ್ಯಾಸ ಎದ್ದು ಕಾಣುತ್ತೆ, ಬಿಸಿಲಲ್ಲಿ 20 ಪಟ್ಟಿನಲ್ಲಿ ಹೆಚ್ಚೇನೂ ಗೊತ್ತಾಗಲ್ಲ. ಮನೇಲಿ ಬಿಟ್ಟು ಬರೋ 80ಕ್ಕಿಂತ ಬೈಕಲ್ಲಿ ಬರೋ 56 ಎಷ್ಟೋ ವಾಸಿ.

ಟ್ರೈಪಾಡ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟ ಮಾಡ್ತೀನಿ. ಬಜೆಟ್ಟಿನಲ್ಲಿ ಕಾಲು ಭಾಗನಾದ್ರೂ ಅದಕ್ಕೆ ತೆಗೆದಿಡಿ. ಮೊಬೈಲ್ ಸ್ಟ್ಯಾಂಡ್ ಥರದ ತೆಳ್ಳನೆ ಟ್ರೈಪಾಡ್ ಮೇಲೆ ಎಂಥ ಸ್ಕೋಪ್ ಇಟ್ರೂ ಒಂದೇ, ಮುಟ್ಟಿದ್ರೆ ಸಾಕು, ಚಿತ್ರ ನಿಲ್ಲೋಕೆ ಮೂರ್ನಾಲ್ಕು ಸೆಕೆಂಡ್ ಕಾಯಬೇಕು. ವಿಡಿಯೋ ಹೆಡ್ (ಹಿಡಿ ಹಿಡಿದು ತಿರುಗಿಸೋ ಮೇಲಿನ ಭಾಗ) ಇರೋದು ತಗೊಳ್ಳಿ, ಹಾರೋ ಹಿಂಡಿನ ಹಿಂದೆ ಸರಾಗವಾಗಿ ತಿರುಗುತ್ತೆ. ನಡುವಿನ ಕಂಬ ಎತ್ತಬೇಡಿ, ಕಾಲುಗಳನ್ನ ಅಗಲ ಮಾಡಿ ಕೂತು ನೋಡಿ, ಗಾಳಿ ಜಾಸ್ತಿ ಇದ್ರೆ ಕೆಳಗಿನ ಕೊಕ್ಕೆಗೆ ನಿಮ್ಮ ಚೀಲ ತೂಗುಹಾಕಿ.

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ ನಿಮ್ಮ ಕೆರೆ ಸಾಮಾನ್ಯದ್ದಲ್ಲ. 2024ರ ಜನವರಿಯಲ್ಲಿ ಅಂಕಸಮುದ್ರ, ಅಘನಾಶಿನಿ ಜೊತೆ ಮಾಗಡಿ ಕೆರೆನೂ ರಾಮ್ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರ್ತು. ಅಲ್ಲಿಗೆ ಬರೋ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರೋ ಹಕ್ಕಿ, ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡುತ್ತೆ. ದೊಡ್ಡ ಹಕ್ಕಿ ತಲೆ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತೆ, ಆ ವರ್ಷ ಹುಟ್ಟಿದ ಮರಿಗೆ ಆ ಪಟ್ಟೆ ಇನ್ನೂ ಮೂಡಿರಲ್ಲ. 20 ಪಟ್ಟಿನಲ್ಲಿ ಒಂದು ಹಿಂಡಿನಲ್ಲಿ ಮರಿ ಎಷ್ಟು, ದೊಡ್ಡವು ಎಷ್ಟು ಅಂತ ನಿಮ್ಮ ಹುಡುಗ್ರೇ ಎಣಿಸಬಹುದು, ದೂರದೂರಲ್ಲಿ ಆ ವರ್ಷ ಸಂಸಾರ ಹೇಗೆ ನಡೀತು ಅನ್ನೋದಕ್ಕೆ ಅದೇ ಸುಳಿವು. ಇನ್ನೊಂದು, ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳ ಕುತ್ತಿಗೆಗೆ ನಂಬರ್ ಇರೋ ಪ್ಲಾಸ್ಟಿಕ್ ಕಾಲರ್ ಹಾಕಿ ಬಿಟ್ಟಿದ್ರು, ಅಂಥ ಹಕ್ಕಿಗಳು ಮೈಸೂರು ಹತ್ರದ ಹದಿನಾರು ಕೆರೆಯಲ್ಲಿ ಕಾಣಿಸ್ಕೊಂಡಿವೆ. ಆ ನಂಬರ್ ಓದೋಕೆ ಬೈನಾಕ್ಯುಲರ್ ಸಾಲಲ್ಲ, ಸ್ಕೋಪೇ ಬೇಕು. ಕಾಲರ್ ಕಂಡ್ರೆ ಬಣ್ಣ, ಅಕ್ಷರ, ತಾರೀಕು ಮೂರನ್ನೂ ಬರ್ಕೊಂಡು ಇಬರ್ಡ್‌ಗೆ (ಹಕ್ಕಿ ನೋಡಿದ್ದನ್ನ ದಾಖಲಿಸೋ ವೆಬ್‌ಸೈಟು) ಹಾಕಿ. ಹುಡುಗ್ರಿಗೆ ತೋರಿಸುವಾಗ ಕಮ್ಮಿ ಪಟ್ಟಿನಲ್ಲೇ ಶುರು ಮಾಡಿ, ಸೂರ್ಯ ನಿಮ್ಮ ಬೆನ್ನಿಗಿರೋ ದಂಡೇಲಿ ನಿಲ್ಲಿ, ಹಕ್ಕಿ ಎದ್ದು ಹೋಗೋ ಅಷ್ಟು ಹತ್ರ ಹೋಗೋ ಅಗತ್ಯನೇ ಬರಲ್ಲ.

ಪ್ರಶ್ನೆ: ನನಗೆ 61 ವರ್ಷ, ಕನ್ನಡಕ ಇದೆ, ಕುತ್ತಿಗೆ ನೋವೂ ಇದೆ. ಶಿವಮೊಗ್ಗದವಳು, ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗ್ತಿರ್ತೀನಿ. ನೇರ ಇರೋ ಸ್ಕೋಪ್ ಒಳ್ಳೇದಾ, ಬಾಗಿದ್ದು ಒಳ್ಳೇದಾ?

ಉತ್ತರ: ಅಮ್ಮಾ, ನಿಮಗೆ ಬಾಗಿದ್ದೇ ಸರಿ. ಕಣ್ಣಿಡೋ ಭಾಗ 45 ಡಿಗ್ರಿ ಮೇಲಕ್ಕೆ ಇರೋದ್ರಿಂದ ಟ್ರೈಪಾಡ್ ತಗ್ಗಿಸಿ ಇಟ್ಕೊಂಡು ಕುರ್ಚೀಲಿ ಕೂತೇ ನೋಡಬಹುದು, ತಗ್ಗಿದಷ್ಟೂ ಅದು ಗಟ್ಟಿ ನಿಲ್ಲುತ್ತೆ, ಪಕ್ಕದಲ್ಲಿ ಮೊಮ್ಮಗು ಇದ್ರೆ ಅದಕ್ಕೂ ಎಟುಕುತ್ತೆ. ಹಕ್ಕಿಯನ್ನ ಹುಡುಕಿ ಹಿಡಿಯೋಕೆ ಮೊದಮೊದಲು ತಡಕಾಡಬೇಕಾಗುತ್ತೆ, ಆಮೇಲೆ ಕೈಗೆ ಬರುತ್ತೆ. ನೇರ ಸ್ಕೋಪು ಕಾರಿನ ಕಿಟಕಿಯಿಂದ ನೋಡೋರಿಗೆ ಅನುಕೂಲ. ಕನ್ನಡಕ ಇರೋದ್ರಿಂದ ಐ ರಿಲೀಫ್ (ಲೆನ್ಸಿನಿಂದ ಕಣ್ಣು ಎಷ್ಟು ದೂರ ಇದ್ರೂ ಪೂರ್ತಿ ಚಿತ್ರ ಕಾಣುತ್ತೆ ಅನ್ನೋದು) ಅಂತ ಬರೆದಿರೋದು 15 ಮಿ.ಮೀ. ಮೇಲಿರಬೇಕು, ಇಲ್ಲಾಂದ್ರೆ ಸುತ್ತ ಕಪ್ಪಾಗಿ ಮಧ್ಯದ್ದಷ್ಟೇ ಕಾಣುತ್ತೆ. ಕನ್ನಡಕ ಹಾಕ್ಕೊಂಡೇ ಅಂಗಡೀಲಿ ನೋಡಿ. ಆದ್ರೆ ಒಂದು ಮಾತು, ಮಂಡಗದ್ದೆ ಒಂದಕ್ಕೇ ಆದ್ರೆ ಸ್ಕೋಪ್ ಬೇಡಮ್ಮ. ತುಂಗೆ ನಡುವಿನ ಆ ಮರಗಳು ರಸ್ತೆಗೆ ಅಷ್ಟು ಹತ್ರ ಇವೆ, ಒಳ್ಳೆ 8×42 ಬೈನಾಕ್ಯುಲರ್ ಇದ್ರೆ ಗೂಡಲ್ಲಿನ ಮರಿ ಬಾಯಿ ತೆರೆಯೋದೂ ಕಾಣುತ್ತೆ. ರಾಮನಗರದ ರಾಮದೇವರ ಬೆಟ್ಟದ ರಣಹದ್ದು, ಅಘನಾಶಿನಿ ಹಿನ್ನೀರಿನ ಕೆಸರು ಬಯಲಿನ ಸಣ್ಣ ಹಕ್ಕಿ, ಇಂಥವುಕ್ಕೂ ಹೋಗೋ ಯೋಚನೆ ಇದ್ರೆ ಆಗ ತಗೊಳ್ಳಿ. ಲಿಟಲ್ ಸ್ಟಿಂಟ್ ಕಾಲು ಕಪ್ಪು, ಟೆಮಿಂಕ್ಸ್ ಸ್ಟಿಂಟ್ ಕಾಲು ಹಳದಿ, ಗುಬ್ಬಿ ಗಾತ್ರದ ಹಕ್ಕಿ, ಅದೂ ಕಾಲಲ್ಲಿ ಕೆಸರು ಮೆತ್ತಿರುತ್ತೆ, ದೂರದಿಂದ ಅದನ್ನ ಬೇರೆ ಮಾಡೋಕೆ ಸ್ಕೋಪೇ ದಿಕ್ಕು.

ಪ್ರಶ್ನೆ: ಸ್ಕೋಪಿಗೆ ಮೊಬೈಲ್ ಇಟ್ಟು ಫೋಟೋ ತೆಗೆದ್ರೆ ಸುತ್ತ ಕಪ್ಪು ಬರುತ್ತೆ, ಶೇಕ್ ಆಗುತ್ತೆ. ಏನ್ ಮಾಡ್ಲಿ? (ಬೆಂಗಳೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ನಿನ್ನ ಫೋನಿಗೆ ಸರಿಹೊಂದೋ ಅಡಾಪ್ಟರ್ ತಗೋ, ಕೈಯಲ್ಲಿ ಹಿಡಿದು ಮಾಡೋ ಕಸರತ್ತು ಬೇಡ. ಫೋನಿನ ಮೇನ್ ಕ್ಯಾಮೆರಾನೇ ಬಳಸು, ವೈಡ್ ಬೇಡ, ಫೋನಲ್ಲಿ ಚೂರು ಜೂಮ್ ಮಾಡಿದ್ರೆ ಕಪ್ಪು ಅಂಚು ಹೋಗುತ್ತೆ, ಸ್ಕೋಪ್ ಮಾತ್ರ ಕಮ್ಮಿ ಪಟ್ಟಿನಲ್ಲೇ ಇರ್ಲಿ. ಎರಡು ಸೆಕೆಂಡ್ ಟೈಮರ್ ಇಡು, ಇಲ್ಲಾ ವಿಡಿಯೋ ಮಾಡಿ ಅದರಲ್ಲಿ ಸ್ಪಷ್ಟ ಇರೋ ಫ್ರೇಮ್ ತೆಗಿ. ಗೂಡಿನ ಫೋಟೋ ತೆಗೆದ್ರೆ ಜಾಗ ಹಾಕಿ ಪೋಸ್ಟ್ ಮಾಡ್ಬೇಡ, ದಯವಿಟ್ಟು.

ಪ್ರಶ್ನೆ: ಆಗುಂಬೆ ಕಡೆ ನಮ್ಮ ಮನೆ. ವಾಟರ್‌ಪ್ರೂಫ್ ಸ್ಕೋಪ್ ತಗೊಂಡ್ರೆ ಮಳೆಗಾಲದ ಬೂಷ್ಟಿಂದ ಬಚಾವಾ?

ಉತ್ತರ: ಪೂರ್ತಿ ಅಲ್ಲ. ನೈಟ್ರೋಜನ್ ತುಂಬಿರೋದ್ರಿಂದ ಒಳಗೆ ಮಂಜು ಕಟ್ಟಲ್ಲ, ಹೊರಗಿನ ಗ್ಲಾಸಿಗೆ ಬೂಷ್ಟು ಬರಬಹುದು. ಅದರ ಬಟ್ಟೆ ಚೀಲದಲ್ಲಿ ಇಡಲೇಬೇಡಿ, ಚೀಲ ತೇವ ಹಿಡ್ಕೊಳ್ಳುತ್ತೆ. ಗಟ್ಟಿ ಮುಚ್ಚಳದ ಡಬ್ಬೀಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ತೇವ ಹೀರಿದೆ ಅಂತ ಅರ್ಥ, ಸಣ್ಣ ಉರೀಲಿ ಬಿಸಿ ಮಾಡಿದ್ರೆ ಮತ್ತೆ ನೀಲಿಯಾಗುತ್ತೆ, ಅಡುಗೆಗೆ ಬಳಸೋ ಪಾತ್ರೇಲಿ ಮಾತ್ರ ಬೇಡ. ಮಳೇಲಿ ನೆನೆದು ಬಂದ ದಿನ ಫ್ಯಾನ್ ಕೆಳಗೆ ಪೂರ್ತಿ ಒಣಗಿದ ಮೇಲೇ ಡಬ್ಬಿಗೆ ಹಾಕಿ. ಮೊದಲು ಬ್ಲೋವರಿಂದ ಧೂಳು ಊದಿ, ಆಮೇಲೆ ಲೆನ್ಸ್ ಬಟ್ಟೆ. ಸೆರಗು, ಕರ್ಚೀಫು ಲೆನ್ಸಿನ ಹತ್ರಕ್ಕೂ ಬೇಡ.

ಪ್ರಶ್ನೆ: ಇದರಲ್ಲೇ ಗ್ರಹಗಳನ್ನೂ ನೋಡಬಹುದಾ?

ಉತ್ತರ: ಧಾರಾಳವಾಗಿ. 20 ಪಟ್ಟಿನಲ್ಲಿ ಗುರುವಿನ ನಾಲ್ಕು ದೊಡ್ಡ ಚಂದ್ರರು ಸಾಲಾಗಿ ಕಾಣ್ತವೆ, ಚಂದ್ರನ ಮೇಲಿನ ಕುಳಿಗಳಂತೂ ಅಷ್ಟಮಿಯ ಆಸುಪಾಸು ತುಂಬಾ ಚೆನ್ನಾಗಿರುತ್ತೆ. ಶನಿಗೆ 30 ಪಟ್ಟಿನ ಮೇಲೆ ಹೋಗಿ, ಬಳೆ ಸಣ್ಣದಾಗಿ ಕಾಣುತ್ತೆ, 2025ರಲ್ಲಿ ಅದು ನಮ್ಮ ಕಡೆಗೆ ಅಂಚು ತಿರುಗಿಸಿತ್ತು, ಇನ್ನು ಮುಂದೆ ವರ್ಷ ವರ್ಷ ಅಗಲವಾಗ್ತಾ ಹೋಗುತ್ತೆ. ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಬೇಡಿ, ಒಂದು ಕ್ಷಣ ಸಾಕು ಕಣ್ಣು ಹೋಗೋಕೆ. ಮಕ್ಕಳು ಇರೋ ಕಡೆ ಹಗಲಲ್ಲಿ ಸ್ಕೋಪನ್ನ ಟ್ರೈಪಾಡ್ ಮೇಲೆ ಹಾಗೇ ಬಿಟ್ಟು ಹೋಗಬೇಡಿ, ಮುಚ್ಚಳ ಹಾಕಿ ಹೋಗಿ.