ಕರೆಂಟ್ ಬಂದರೂ ಪಂಪ್ ತಿರುಗುತ್ತಿಲ್ಲ: ಉಪ್ಪುನೀರಿನ ಅಕ್ವೇರಿಯಂ ಪಂಪಿನ ಸುಣ್ಣ ತೆಗೆಯೋದು ಹೇಗೆ?

ಪ್ರಶ್ನೆ: ಮನೆಯಲ್ಲಿ 300 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ, ಹವಳಗಳನ್ನೂ ಸಾಕಿದ್ದೇನೆ. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಯಿಂದ (ಸಂಪ್) ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್ ಗುಂಯ್ ಅನ್ನುತ್ತದೆಯೇ ಹೊರತು ನೀರು ಎತ್ತುತ್ತಿಲ್ಲ. ಬಿಚ್ಚಿದರೆ ಒಳಗೆಲ್ಲ ಗಾರೆಯಂಥ ಬಿಳಿ ಪದರ. ಚಾಕುವಿನಲ್ಲಿ ಕೆರೆದರೂ ಬಿಡುತ್ತಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಬಹುದಾ? — ಓದುಗರು, ಬೆಂಗಳೂರು

ಉತ್ತರ: ಟಾಯ್ಲೆಟ್ ಆಸಿಡ್ ಖಂಡಿತ ಬೇಡ. ಅದರಲ್ಲಿ ಬಣ್ಣ, ಸೋಪಿನ ಅಂಶ ಎಲ್ಲ ಇರುತ್ತದೆ, ಪಂಪಿನ ಸಂದಿಯಲ್ಲಿ ಸ್ವಲ್ಪ ಉಳಿದರೂ ನಿಮ್ಮ ಹವಳಕ್ಕೆ ಕಷ್ಟ. ಚಾಕುವನ್ನೂ ಕೆಳಗಿಡಿ. ಪ್ಲಾಸ್ಟಿಕ್ ಮೇಲೆ ಗೀರು ಬಿದ್ದರೆ ಮುಂದಿನ ಸಲ ಸುಣ್ಣಕ್ಕೆ ಹಿಡಿದುಕೊಳ್ಳಲು ಇನ್ನೂ ಒಳ್ಳೆ ಜಾಗ ಸಿಗುತ್ತದೆ, ಅಷ್ಟೇ.

ಅಲ್ಲಿ ಕಟ್ಟಿರೋದು ಉಪ್ಪಲ್ಲ. ಉಪ್ಪಾಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲೇ ಕರಗಿ ಹೋಗುತ್ತಿತ್ತು. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಸಮುದ್ರದ ನೀರಿನಲ್ಲಿ ಲೀಟರಿಗೆ 400 ಮಿಲಿಗ್ರಾಂಗಿಂತ ತುಸು ಜಾಸ್ತಿ ಕ್ಯಾಲ್ಸಿಯಂ ಇರುತ್ತದೆ, ಹವಳ ಬೆಳೆಯಲಿ ಅಂತ ನಾವೂ ಟ್ಯಾಂಕಿನಲ್ಲಿ ಅಷ್ಟನ್ನು ಕಾಪಾಡಿಕೊಳ್ಳುತ್ತೇವೆ. ನೀರು ಬಿಸಿಯಾದಷ್ಟೂ ಈ ಕಾರ್ಬೊನೇಟ್ ಕರಗಿಕೊಂಡಿರುವುದು ಕಡಿಮೆಯಾಗುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತಲ್ಲ, ಅದೇ ಕಥೆ. ಟ್ಯಾಂಕಿನಲ್ಲಿ ಬಿಸಿಯಾಗಿರುವ ಜಾಗಗಳಲ್ಲಿ ಪಂಪಿನ ಮೋಟಾರ್ ಒಂದು, ಹಾಗಾಗಿ ಅದರ ಒಳಗೋಡೆಗೂ ತಿರುಗುವ ಅಯಸ್ಕಾಂತಕ್ಕೂ ಮೊದಲು ಅಂಟುತ್ತದೆ.

ಕರೆಂಟ್ ಹೋಗಿ ಬಂದಾಗಲೇ ಯಾಕೆ ನಿಂತಿತು ಅನ್ನೋದಕ್ಕೂ ಕಾರಣ ಇದೇ. ಇಂಪೆಲ್ಲರ್ (ಅಯಸ್ಕಾಂತಕ್ಕೆ ಜೋಡಿಸಿರುವ, ನೀರು ತಳ್ಳುವ ಪುಟ್ಟ ರೆಕ್ಕೆಚಕ್ರ) ಸುತ್ತ ಇರುವ ಸಂದಿ ತುಂಬ ಸಣ್ಣದು. ತಿರುಗುತ್ತಿರುವಾಗ ಸುಣ್ಣ ಸ್ವಲ್ಪ ಉಜ್ಜಿದರೂ ಆ ವೇಗದಲ್ಲೇ ಓಡುತ್ತಿರುತ್ತದೆ. ಆದರೆ ನೇರ ಮನೆಯ ಕರೆಂಟಿನಲ್ಲಿ ಓಡುವ ಸಾಮಾನ್ಯ ಎಸಿ ಪಂಪಿನ ಅಯಸ್ಕಾಂತ ಶುರುವಿನಲ್ಲಿ ಅತ್ತಿತ್ತ ಅಲುಗಾಡಿ, ಆಮೇಲೆ ವೇಗ ಹಿಡಿಯುತ್ತದೆ. ಸಂದಿ ತುಂಬಿಕೊಂಡಿದ್ದರೆ ಅಲುಗಾಡಲು ಜಾಗವೇ ಇಲ್ಲ. ಗುಂಯ್ ಅನ್ನುತ್ತಾ ಬಿಸಿಯಾಗುತ್ತದೆ. ಹಾಗೇ ಬಿಟ್ಟರೆ ಕಾಯಿಲ್ ಸುಟ್ಟು ಹೋಗಬಹುದು, ಪ್ಲಗ್ ತಕ್ಷಣ ಕಿತ್ತುಬಿಡಿ.

ಈಗ ಕೆಲಸ. ನೀರಿಗೆ ಕೈ ಹಾಕುವ ಮೊದಲು ಸಂಪಿನಲ್ಲಿರುವ ಪಂಪ್, ಹೀಟರ್, ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಎಲ್ಲದರ ಪ್ಲಗ್ ತೆಗೆಯಿರಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಮೇಲಿನ ಟ್ಯಾಂಕಿನಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರ್ ಮಾತ್ರ ಓಡುತ್ತಿರಲಿ. ನೀರು ಅಲುಗುತ್ತಿದ್ದರೆ ಮೀನಿಗೂ ಹವಳಕ್ಕೂ ಆಕ್ಸಿಜನ್ ಸಿಗುತ್ತಿರುತ್ತದೆ, ನಿಮಗೂ ಆತುರ ಇರೋದಿಲ್ಲ. ವೇವ್‌ಮೇಕರ್ ಇಲ್ಲದವರು ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ.

ಪಂಪಿನ ಮುಂದಿನ ಮುಚ್ಚಳ ಬಿಚ್ಚಿ ಇಂಪೆಲ್ಲರನ್ನು ನೆಟ್ಟಗೆ ಹೊರಗೆ ಎಳೆಯಿರಿ. ಅಯಸ್ಕಾಂತ ಒಳಕ್ಕೆ ಜಗ್ಗುತ್ತಿರುತ್ತದೆ, ಅದು ಸಹಜ. ಅಡ್ಡಕ್ಕೆ ಮಾತ್ರ ತಿರುವಬೇಡಿ. ನಡುವೆ ಇರುವ ಶಾಫ್ಟ್ ಬಹುಪಾಲು ಪಂಪುಗಳಲ್ಲಿ ಸೆರಾಮಿಕ್ ಕಡ್ಡಿ, ಸ್ವಲ್ಪ ಒತ್ತಿದರೂ ಲಟಕ್ ಅಂತ ಮುರಿಯುತ್ತದೆ. ಅದರ ಎರಡು ತುದಿಗೂ ಪುಟ್ಟ ರಬ್ಬರ್ ಬುಷ್ ಇರುತ್ತದೆ. ಸಿಂಕಿನಲ್ಲಿ ತೊಳೆಯುವಾಗ ಹೆಚ್ಚಾಗಿ ಕಳೆದುಹೋಗೋದು ಅದೇ, ಮೊದಲೇ ಒಂದು ಬಟ್ಟಲಿಗೆ ಹಾಕಿಟ್ಟುಕೊಳ್ಳಿ.

ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೂ ಕೊಡುತ್ತಾರೆ. ಅದಿಲ್ಲದಿದ್ದರೆ ಬಣ್ಣವಿಲ್ಲದ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ನಡೆಯುತ್ತದೆ, ಆದರೆ ನಿಧಾನ ಮತ್ತು ಮನೆಯೆಲ್ಲ ವಾಸನೆ. ಭಾಗಗಳನ್ನು ಮುಳುಗಿಸಿದ ಕೂಡಲೇ ನೊರೆ ನೊರೆಯಾಗಿ ಗುಳ್ಳೆ ಏಳುತ್ತದೆ. ಸುಣ್ಣ ಕರಗುವಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅದು. ಗುಳ್ಳೆ ನಿಂತ ಮೇಲೂ ಬಿಳಿ ಉಳಿದಿದ್ದರೆ ಆಸಿಡ್ ಮುಗಿದಿದೆ ಅಂತ ಲೆಕ್ಕ, ಹೊಸದು ಕಲಸಿ. ಹಳೇ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ಕ್ಯಾಲ್ಸಿಯಂ ಸಿಟ್ರೇಟ್ ಅನ್ನೋ ಇನ್ನೊಂದು ಬಿಳಿ ಪುಡಿ ಕೂರುತ್ತದೆ, ಅದೂ ಸುಲಭಕ್ಕೆ ಕರಗೋದಿಲ್ಲ. ಕುದಿಯುವ ನೀರಂತೂ ಬೇಡವೇ ಬೇಡ.

ಪದರ ಮೆತ್ತಗಾದ ಮೇಲೆ ಹಳೇ ಟೂತ್‌ಬ್ರಶ್ ಸಾಕು. ಇಂಪೆಲ್ಲರ್ ಕೂರುವ ಗುಂಡಿಯ ತಳಕ್ಕೆ ಬ್ರಶ್ ಹೋಗೋದಿಲ್ಲ, ಫೀಡಿಂಗ್ ಬಾಟಲಿ ತೊಳೆಯುವ ಸಣ್ಣ ಬ್ರಶ್ ಇದ್ದರೆ ಅಲ್ಲಿಗೂ ತಲುಪುತ್ತದೆ. ಬೆರಳಲ್ಲಿ ತಿರುಗಿಸಿದರೆ ಇಂಪೆಲ್ಲರ್ ಸರಾಗವಾಗಿ ತಿರುಗಬೇಕು. ಹಾಗಾದ ಮೇಲೆ ಜೋಡಿಸಿ, ಪೂರ್ತಿ ಮುಳುಗುವಂತೆ ಬಕೆಟ್‌ನಲ್ಲಿಟ್ಟು ಅದೇ ಥರದ ದ್ರಾವಣದಲ್ಲಿ ಅರ್ಧ ಗಂಟೆ, ಆಮೇಲೆ ಬರೀ ನೀರಿನಲ್ಲಿ 10 ನಿಮಿಷ ಓಡಿಸಿ. ಅಡಾಪ್ಟರ್‌ನಲ್ಲಿ ಓಡುವ ಡಿಸಿ ಪಂಪ್ ಆದರೆ ಅದರ ವೇಗ ಬದಲಿಸುವ ಕಂಟ್ರೋಲರ್ ಒದ್ದೆಯಾಗದಂತೆ ದೂರ ಇಡಿ. ಮುಚ್ಚಳದ ರಬ್ಬರ್ ಬಳೆ (ಓ-ರಿಂಗ್) ಒಣಗಿದ್ದರೆ ಸಿಲಿಕೋನ್ ಗ್ರೀಸ್ ಸವರಿ, ವ್ಯಾಸಲೀನ್ ರಬ್ಬರ್ ಹಾಳು ಮಾಡುತ್ತದೆ.

ಒಂದು ಮಾತು ದಯವಿಟ್ಟು ನೆನಪಿಡಿ. ಪಾಚಿಯೂ ಹೋಗಲಿ ಅಂತ ಕೆಲವರು ಅದೇ ಬಕೆಟ್‌ಗೆ ಬ್ಲೀಚ್ ಸುರಿಯುತ್ತಾರೆ. ಆಸಿಡ್ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಪ್ರಶ್ನೆ: ನಾನು ವಿನೆಗರ್‌ನಲ್ಲೇ ತೊಳೆಯುತ್ತೇನೆ. ಆದರೂ ತಿಂಗಳಿಗೇ ಮತ್ತೆ ಕಟ್ಟುತ್ತಿದೆ. ಪಂಪ್ ಬದಲಿಸಲಾ? — ಓದುಗರು, ಮೈಸೂರು

ಉತ್ತರ: ಪಂಪ್‌ಗಿಂತ ಮೊದಲು ನೀರು ನೋಡಿ. ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ ತೊಳೆದರೆ ಸಾಕು, ತಿಂಗಳಿಗೇ ಕಟ್ಟುತ್ತಿದೆ ಅಂದರೆ ನೀರಿನಲ್ಲಿ ಏನೋ ಜಾಸ್ತಿಯಾಗಿದೆ. ಮೊದಲು ಆಲ್ಕಲಿನಿಟಿ, ಅಂದರೆ ನೀರಿನಲ್ಲಿ ಕರಗಿರುವ ಕಾರ್ಬೊನೇಟ್ ಅಂಶ ಎಷ್ಟಿದೆ ಅಂತ ಪರೀಕ್ಷೆ ಮಾಡಿ. 8ರಿಂದ 9 ಡಿಕೆಎಚ್ (ಅದನ್ನು ಅಳೆಯುವ ಮಾನ) ಧಾರಾಳ ಸಾಕು. ಹವಳ ಬೇಗ ಬೆಳೆಯಲಿ ಅಂತ ಸುಮ್ನೆ 12ಕ್ಕೆ ಏರಿಸಿಕೊಂಡರೆ ಅದರಲ್ಲಿ ಒಂದು ಪಾಲು ಪಂಪಿಗೇ ಹೋಗಿ ಅಂಟುತ್ತದೆ. ಇಳಿಸುವಾಗ ನಿಧಾನ, ದಿನಕ್ಕೆ 1 ಡಿಕೆಎಚ್‌ಗಿಂತ ಜಾಸ್ತಿ ಬೇಡ. ಮೆಗ್ನೀಸಿಯಂ ಕೂಡ ನೋಡಿ, ಲೀಟರಿಗೆ 1,250ರಿಂದ 1,350 ಮಿಲಿಗ್ರಾಂ ಇರಬೇಕು. ಸುಣ್ಣದ ಹರಳು ಬೆಳೆಯದಂತೆ ತಡೆಯೋದು ಅದೇ, ಕಡಿಮೆಯಾದರೆ ತಡೆ ಸಡಿಲವಾಗುತ್ತದೆ.

ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ ದ್ರಾವಣಗಳನ್ನು ಒಂದೇ ಹೊತ್ತಿಗೆ ಹಾಕಬೇಡಿ. ಹವಳಕ್ಕೆ ಕ್ಯಾಲ್ಸಿಯಂ ಒದಗಿಸಲು ಸುಣ್ಣದ ತಿಳಿನೀರು ಹಾಕುವವರು ಅದು ರಿಟರ್ನ್ ಪಂಪಿನ ಬಾಯಿಯ ಹತ್ತಿರ ತೊಟ್ಟಿಕ್ಕದಂತೆ ನಳಿಕೆ ದೂರ ಸರಿಸಿ. ಅದರ ಪಿಎಚ್ 12ರ ಮೇಲಿರುತ್ತದೆ, ನೇರ ಒಳಗೆ ಹೋದರೆ ಪಂಪಿನಲ್ಲೇ ಗಟ್ಟಿಯಾಗುತ್ತದೆ.

ಇನ್ನು, ಆವಿಯಾದ ನೀರಿನ ಬದಲು ಏನು ತುಂಬುತ್ತಿದ್ದೀರಿ ಅಂತ ನೀವು ಬರೆದಿಲ್ಲ. ಬೋರ್‌ವೆಲ್ ನೀರಾದರೆ ಅಲ್ಲೇ ತೊಂದರೆ ಇರಬಹುದು. ಆವಿಯಾಗೋದು ಬರೀ ನೀರು, ಖನಿಜ ಉಳಿಯುತ್ತದೆ, ನೀವು ಪ್ರತಿ ಸಲ ಇನ್ನಷ್ಟು ಸೇರಿಸುತ್ತಿರುತ್ತೀರಿ. ಆರ್‌ಒ ಜೊತೆ ಡಿಐ ಹಂತವೂ (ಉಳಿದ ಲವಣಗಳನ್ನು ತೆಗೆಯುವ ಹಂತ) ಇರುವ ಫಿಲ್ಟರ್ ಬಳಸಿ, ಮೀಟರ್‌ನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದ ಅಳತೆ) 0 ತೋರಿಸಬೇಕು. ಕುಡಿಯುವ ನೀರಿನ ಆರ್‌ಒ ಅಷ್ಟು ಇಳಿಸೋದಿಲ್ಲ.

ಪ್ರಶ್ನೆ: ತೊಳೆಯುವಾಗ ಅಯಸ್ಕಾಂತದ ಹೊರ ಕವಚ ಬಿರುಕು ಬಿಟ್ಟು ಕಂದು ತುಕ್ಕು ಕಾಣಿಸಿತು. ಅಂಟು ಹಚ್ಚಿ ಮುಚ್ಚಬಹುದಾ? — ಓದುಗರು, ಮಂಗಳೂರು

ಉತ್ತರ: ಬೇಡ. ಉಪ್ಪುನೀರು ಒಳಗೆ ನುಗ್ಗಿದ ಮೇಲೆ ತುಕ್ಕು ಉಬ್ಬುತ್ತಲೇ ಹೋಗುತ್ತದೆ, ಲೋಹ ನೀರಿಗೆ ಬಿಡುತ್ತಲೇ ಇರುತ್ತದೆ. ಸೀಗಡಿ, ಶಂಖದ ಹುಳು, ಹವಳ ಇದನ್ನು ಮೀನಿಗಿಂತ ಮೊದಲೇ ತಾಳಲಾರವು. ಹೆಚ್ಚಿನ ಕಂಪನಿಗಳು ಇಂಪೆಲ್ಲರ್ ಬಿಡಿಯಾಗಿ ಮಾರುತ್ತವೆ, ಮಾಡೆಲ್ ನಂಬರ್ ನೋಡಿ ತರಿಸಿ. ಅದು ಬರುವ ತನಕ ಹಳೆಯದನ್ನು ಟ್ಯಾಂಕಿಗೆ ಹಾಕಬೇಡಿ, ಇವತ್ತೇ ಸ್ವಲ್ಪ ನೀರು ಬದಲಿಸಿ.