ಮಂಡಿ ಆಪರೇಷನ್ ನಂತರ ನೋವು ಇಳಿದ ಮೇಲೆ ಫಿಸಿಯೋ ಶುರು ಮಾಡಬಹುದಾ?

ಅಮ್ಮನಿಗೆ ಮಂಡಿ ಕೀಲು ಬದಲಾಯಿಸಿದ್ದಾರೆ, ನೋವು ಇಳಿದ ಮೇಲೆ ಫಿಸಿಯೋ ಮನೆಗೆ ಕರೆಸೋದಾ, ಕ್ಲಿನಿಕ್ಕಿಗೆ ಹೋಗೋದಾ ಅಂತ ಕೇಳಿದ್ದೀರಿ. ಎಲ್ಲಿ ಅನ್ನೋದು ಆಮೇಲೆ. ನೋವು ಇಳಿಯಲಿ ಅಂತ ಕಾಯಲೇಬೇಡಿ. ನಾವು ಕಾದೆವು.

ನಮ್ಮ ಅಮ್ಮನನ್ನು ಆಪರೇಷನ್ ಆದ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದ್ದರು. ಮನೆಗೆ ಬಂದ ಮೇಲೆ ರಾತ್ರಿಯಿಡೀ ನರಳುತ್ತಿದ್ದರು. ಮಂಡಿ ಕೆಳಗೆ ದಿಂಬಿಟ್ಟರೆ ನಿದ್ದೆ ಬರುತ್ತಿತ್ತು. ನಾನೇ ದಿನಾ ಇಟ್ಟೆ. ಕೆಟ್ಟಿದ್ದು ಅಲ್ಲೇ.

ದಿಂಬಿನ ಮೇಲೆ ಮಂಡಿ ಸ್ವಲ್ಪ ಮಡಿಚಿಯೇ ಇರುತ್ತದೆ. ಬಾವು ಬಂದ ಕೀಲಿಗೆ ಹಾಗಿದ್ದರೇ ಆರಾಮ. ಆದರೆ ಗಾಯ ಮಾಯುವಾಗ ಕಾಲು ಹೇಗಿರುತ್ತದೋ ಕೀಲಿನ ಸುತ್ತಲಿನ ಪೊರೆ ಹಾಗೇ ಬಿಗಿದುಕೊಳ್ಳುತ್ತದೆ. ತೊಡೆ ಹಿಂದಿನ ಸ್ನಾಯುವೂ ಗಿಡ್ಡವಾಗುತ್ತದೆ. ಆಮೇಲೆ ಕಾಲು ಪೂರ್ತಿ ನೆಟ್ಟಗಾಗಲ್ಲ. ಅಂಥ ಕಾಲಲ್ಲಿ ನಿಂತರೆ ತೊಡೆ ಮುಂದಿನ ಸ್ನಾಯುವಿಗೆ ಒಂದು ಗಳಿಗೆಯೂ ಬಿಡುವಿಲ್ಲ. ಆಪರೇಷನ್ ಆದ ಮೊದಲ ತಿಂಗಳಲ್ಲಿ ಆ ಸ್ನಾಯು ಅರ್ಧಕ್ಕಿಂತ ಜಾಸ್ತಿ ಬಲ ಕಳೆದುಕೊಂಡಿರುತ್ತದೆ ಬೇರೆ. ಅದಕ್ಕೇ ಬೇಗ ಸುಸ್ತು, ಕುಂಟು, ಸೊಂಟನೋವು. ದಿಂಬು ಇಡಬೇಕಾದ್ದು ಹಿಮ್ಮಡಿ ಕೆಳಗೆ. ಆಗ ಮಂಡಿ ತನ್ನ ಭಾರಕ್ಕೇ ಇಳಿದು ನೆಟ್ಟಗಾಗುತ್ತದೆ. ನೋಯುತ್ತೆ, ನಿಜ. ಐದು ನಿಮಿಷ ಇಟ್ಟು ತೆಗೆಯಿರಿ, ದಿನಕ್ಕೆ ಹಲವು ಸಲ ಮಾಡಿಸಿ.

ಫಿಸಿಯೋ ಬಂದು ನೋಡುವ ಹೊತ್ತಿಗೆ ನಮ್ಮ ಅಮ್ಮನ ಮಂಡಿ 70 ಡಿಗ್ರಿಗಿಂತ ಜಾಸ್ತಿ ಮಡಿಯುತ್ತಿರಲಿಲ್ಲ. ಕುರ್ಚಿಯಿಂದ ಸಲೀಸಾಗಿ ಏಳಲು 90ರ ಮೇಲೆ ಬೇಕು. ಮತ್ತೆ ಅರಿವಳಿಕೆ ಕೊಟ್ಟು ಮಂಡಿ ಮಡಿಸಿ ಬಿಗಿತ ಬಿಡಿಸಿದರು. ಮಡಿಸೋದು ಬಂತು. ಪೂರ್ತಿ ಚಾಚೋದು ಇವತ್ತಿಗೂ ಬಂದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ: ಆಪರೇಷನ್ ಅರ್ಧ ಕೆಲಸ, ವ್ಯಾಯಾಮವೇ ಇನ್ನರ್ಧ. ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಸಿಗುವಂತೆ ಹೊಂದಿಸಿಕೊಳ್ಳಿ. ಮುಗಿದ ಮೇಲೆ ಬಟ್ಟೆ ಸುತ್ತಿದ ಐಸ್ ಇಡಿ. ಮಂಡಿಯನ್ನು ಹಾಸಿಗೆಗೆ ಒತ್ತೋದು, ಹಿಮ್ಮಡಿ ಎಳೆದುಕೊಂಡು ಮಡಿಸೋದು, ಪಾದ ಆಡಿಸೋದು, ಇವನ್ನು ಫಿಸಿಯೋ ಒಮ್ಮೆ ಕಲಿಸಿದರೆ ನೀವೇ ಮಾಡಿಸಬಹುದು. ಸುಮ್ನೆ ಮಷೀನ್ ಹಚ್ಚಿ ದುಡ್ಡು ತೆಗೆದುಕೊಂಡು ಹೋಗುವವರು ಬೇಡವೇ ಬೇಡ. ಅಮ್ಮನ ಕೈಯಲ್ಲೇ ಮಾಡಿಸುವವರು ಮನೆಗೆ ಬರಲಿ, ಕ್ಲಿನಿಕ್ಕಲ್ಲಿ ಇರಲಿ, ಎರಡೂ ಒಂದೇ.

ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಜ್ವರ ಬಂದರೆ, ಗಾಯ ಸೋರಿದರೆ ವ್ಯಾಯಾಮ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಿ.

ಇವತ್ತೇ ಅಮ್ಮನಿಗೆ ಹಾಸಿಗೆ ಮೇಲೆ ಕಾಲು ಚಾಚಲು ಹೇಳಿ, ಮಂಡಿ ಹಿಂದೆ ನಿಮ್ಮ ಅಂಗೈ ಸಲೀಸಾಗಿ ತೂರುತ್ತಾ ನೋಡಿ. ತೂರಿದರೆ ಕಾಲು ಇನ್ನೂ ನೆಟ್ಟಗಾಗಿಲ್ಲ. ನಾಳೆಯೇ ಫಿಸಿಯೋ ಹತ್ತಿರ ತೋರಿಸಿ.