ಒಂದೇ ಕೊಟ್ಟಿಗೆ, ಒಂದು ಹಸುವಿಗೆ ಮಾತ್ರ ಉಣ್ಣೆ ಯಾಕೆ?

ಪ್ರಶ್ನೆ: ಜರ್ಸಿ ಮಿಶ್ರತಳಿ ಹಸುವನ್ನೂ ನಾಟಿ ಹಸುವನ್ನೂ ಪಕ್ಕಪಕ್ಕದಲ್ಲೇ ಕಟ್ಟುತ್ತೇನೆ. ಜರ್ಸಿಯ ಮೈತುಂಬ ರಕ್ತ ಹೀರುವ ಉಣ್ಣೆ ಹುಳು. ನಾಟಿ ಹಸುವಿನ ಮೇಲೆ ಹುಡುಕಿದರೂ ನಾಲ್ಕೈದು. ಜರ್ಸಿ ರಕ್ತ ಅಷ್ಟು ರುಚಿಯಾ ಡಾಕ್ಟ್ರೇ?

ಉತ್ತರ: ರುಚಿಯ ಮಾತಲ್ಲ. ಮರಿ ಉಣ್ಣೆಗಳು ಎರಡು ಹಸುಗಳಿಗೂ ಹತ್ತುತ್ತವೆ. ನಾಟಿ ಹಸುವಿಗೆ ಹತ್ತಿದವು ಉಳಿಯುವುದು ಕಡಿಮೆ.

ದನದ ಉಣ್ಣೆ ಒಮ್ಮೆ ಹತ್ತಿದರೆ ಸುಮಾರು 3 ವಾರ ಅದೇ ಮೈಮೇಲೆ ಬೆಳೆಯುತ್ತದೆ. ಅಷ್ಟು ದಿನ ಹಸುವಿನ ಚರ್ಮ ಸುಮ್ಮನಿರಬೇಕಲ್ವಾ? ಅದಕ್ಕೇ ಉಣ್ಣೆಯ ಜೊಲ್ಲಿನಲ್ಲಿ ತುರಿಕೆ, ಊತ ತಡೆಯುವ ಅಂಶಗಳಿರುತ್ತವೆ. ಆದರೆ ನಾಟಿ ಹಸುವಿನಂಥ ಡುಬ್ಬದ ತಳಿಗಳ ಮೈ ಕೆಲವು ಸಲ ಕಚ್ಚಿಸಿಕೊಂಡ ಮೇಲೆ ಆ ಜೊಲ್ಲನ್ನು ಗುರುತು ಹಿಡಿಯುತ್ತದೆ. ಕಚ್ಚಿದ ಜಾಗ ಊದುತ್ತದೆ, ತುರಿಸುತ್ತದೆ, ಹಸು ನೆಕ್ಕುತ್ತದೆ. ಎಳ್ಳಿಗಿಂತ ಸಣ್ಣ ಮರಿಗಳು ಮೊದಲ ಒಂದೆರಡು ದಿನದಲ್ಲೇ ಉದುರಿಹೋಗುತ್ತವೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಜೋಡಿ ಹಸುಗಳಿಂದ ತಾವಾಗಿ ಉದುರಿದ ಹೆಣ್ಣು ಉಣ್ಣೆಗಳನ್ನು ಎರಡು ಬಾಟಲಿಯಲ್ಲಿ ಇಟ್ಟಿದ್ದೆ. ಮಿಶ್ರತಳಿಯದ್ದು ಹರಳು ಬೀಜದಂತೆ ಊದಿತ್ತು. ನಾಟಿಯದ್ದು ಹೆಸರುಕಾಳಿನಷ್ಟು. ಕೆಲವು ದಿನ ಬಿಟ್ಟು ನೋಡಿದರೆ ಮೊದಲನೆಯದು ಅಂಟಂಟಾದ ಕಂದು ಮೊಟ್ಟೆಗಳ ಗುಡ್ಡೆಯ ಹಿಂದೆ ಮರೆಯಾಗಿತ್ತು. ಎರಡನೆಯದರ ಮುಂದೆ ಒಂದು ಚಿಟಿಕೆ ಮೊಟ್ಟೆ. ಕುಡಿದ ರಕ್ತವೇ ಮೊಟ್ಟೆಯಾಗುವುದು. ಹೊಟ್ಟೆ ತುಂಬಿದ ಹೆಣ್ಣು 2000ಕ್ಕೂ ಜಾಸ್ತಿ ಮೊಟ್ಟೆಯಿಟ್ಟು ಸಾಯುತ್ತದೆ. ಅರೆಹೊಟ್ಟೆಯದ್ದು ಅಷ್ಟು ಇಡಲಾರದು.

ಅಮೆರಿಕದ ವಿಜ್ಞಾನಿ ವಿಲಿಯಂ ಟ್ರೇಗರ್ 1939ರಲ್ಲಿ ಗಿನಿ ಹಂದಿಗಳಲ್ಲಿ ಇದನ್ನೇ ತೋರಿಸಿದ್ದರು. ಒಮ್ಮೆ ಕಚ್ಚಿಸಿಕೊಂಡ ಗಿನಿ ಹಂದಿಯ ಮೇಲೆ ಮತ್ತೆ ಬಿಟ್ಟ ಮರಿ ಉಣ್ಣೆಗಳಿಗೆ ಹೊಟ್ಟೆ ತುಂಬಲಿಲ್ಲ. ನಾಯಿಯ ಕಂದು ಉಣ್ಣೆಯ ಕಥೆ ಇನ್ನೂ ವಿಚಿತ್ರ. ಗಿನಿ ಹಂದಿಯ ಮೈ ಅದನ್ನು ಎದುರಿಸಲು ಬೇಗ ಕಲಿಯುತ್ತದೆ. ನಾಯಿ ಎಷ್ಟು ಸಲ ಕಚ್ಚಿಸಿಕೊಂಡರೂ ಕಲಿಯುವುದಿಲ್ಲ. ತನ್ನ ಹಳೇ ಜೊತೆಗಾರ ಪ್ರಾಣಿಯನ್ನು ಏಮಾರಿಸುವುದು ಉಣ್ಣೆಗೆ ಚೆನ್ನಾಗಿ ಗೊತ್ತು.

ನಿಮ್ಮ ಕೊಟ್ಟಿಗೆಯ ಉಣ್ಣೆ ಮೊಟ್ಟೆಗಳೆಲ್ಲ ಹೆಚ್ಚುಕಡಿಮೆ ಜರ್ಸಿಯಿಂದಲೇ ಬರುತ್ತಿವೆ. ಮೊದಲು ಅವಳನ್ನು ನೋಡಿಕೊಳ್ಳಿ. ಬಾಲದ ಬುಡ, ಕೆಚ್ಚಲ ಸುತ್ತ, ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ ದಿನಾ ಕೈಯಾಡಿಸಿ. ಔಷಧಿಯನ್ನು ವೈದ್ಯರು ಹೇಳಿದ ಅಳತೆಯಲ್ಲೇ ಹಾಕಿ. ಕಿತ್ತ ಉಣ್ಣೆಯನ್ನು ದಯವಿಟ್ಟು ನೆಲಕ್ಕೆ ಬಿಸಾಡಬೇಡಿ, ಬೆರಳಲ್ಲಿ ಹೊಸಕಬೇಡಿ. ಸ್ಪಿರಿಟ್ ತುಂಬಿದ ಡಬ್ಬಿಗೆ ಹಾಕಿ. ನಾಟಿ ಹಸುವನ್ನೂ ಮರೆಯಬೇಡಿ. ಮೇವು ಕಡಿಮೆಯಾಗಿ ಸೊರಗಿದರೆ ಅವಳ ಮೈಯ ಆ ಶಕ್ತಿಯೂ ಕುಗ್ಗುತ್ತದೆ. ಆಗ ಉಣ್ಣೆ ಅವಳ ಮೇಲೂ ಊದಿಕೊಳ್ಳುತ್ತದೆ.